ಕೋವಿಗೆ ಬಿಸಿನೀರು ಹೊಯ್ಯುತ್ತಿದ್ದ ಟೀಚರ್

ಟೀಚರ್ ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು, ಉಗುರು ಅರ್ಧಕ್ಕೇ ನಿಂತಿತ್ತು. ಚಿಕ್ಕಂದಿನಲ್ಲಿ ಅಜ್ಜನ ಕೋವಿಯ ಬೋಲ್ಟಿಗೆ ಸಿಕ್ಕಿ ಜಜ್ಜಿಹೋದದ್ದಂತೆ. ಆ ಮೊಂಡು ಬೆರಳನ್ನು ಎದುರಿನವರ ಮೂಗಿನ ನೇರಕ್ಕೆ ಎತ್ತಿಯೇ ಅವರು ಮಾತು ಶುರುಮಾಡುತ್ತಿದ್ದದ್ದು. ಎದುರಿಗಿರುವುದು ನಾನಾಗಲಿ, ಕ್ಲಬ್ಬಿನ ಕಾರ್ಯದರ್ಶಿಯಾಗಲಿ, ಲೈಸೆನ್ಸ್ ನೋಡಲು ಬಂದ ಪೊಲೀಸ್ ಅಧಿಕಾರಿಯಾಗಲಿ, ಬೆರಳಿನ ಎತ್ತರ ಒಂದಿಷ್ಟೂ ಬದಲಾಗುತ್ತಿರಲಿಲ್ಲ.

ಕೊಡಗಿನವರು. ಮೂವತ್ತು ವರ್ಷ ನೈರೋಬಿಯ ಶಾಲೆಯೊಂದರಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾಗಿ, ಅಲ್ಲಿಯದೇ ಪಂಗಾನಿ ಬಡಾವಣೆಯ ಹಳೆಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಊರಾಚೆಯ ಶೂಟಿಂಗ್ ಕ್ಲಬ್ಬಿನ ರೈಫಲ್‌ಗಳನ್ನು ನೋಡಿಕೊಳ್ಳುವ ಕೆಲಸ ಅವರದು; ಬಂದೂಕಿನ ಕೋಣೆಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ನಾನು ಬ್ಯಾಂಕಿನ ಪೋಸ್ಟಿಂಗ್ ಮೇಲೆ ಮೈಸೂರಿನಿಂದ ಬಂದವಳು, ಮನೆ ಅದೇ ಊರಿನ ಲೊರೆಶೋದಲ್ಲಿ. ಥಿಕಾ ರಸ್ತೆ ಅಗಲವಾಗಿ ಆಗಷ್ಟೇ ತೆರೆದಿದ್ದ ಕಾಲ. ಎನ್‌ಸಿಸಿಯಲ್ಲಿ ಹತ್ತಿದ್ದ ಗುರಿಯ ಹುಚ್ಚು ಬಿಟ್ಟಿರಲಿಲ್ಲ. ಹೆಂಗಸರಿಗೆ ಪಿಸ್ತೂಲು ಸಾಕಲ್ಲವೇ ಎಂದು ಕಾರ್ಯದರ್ಶಿ ನಕ್ಕಾಗ ಟೀಚರ್ ಒಳಗೆ ಹೋಗಿ, ಇದ್ದುದರಲ್ಲೇ ಉದ್ದನೆಯ ಹಳೇ ಮಿಲಿಟರಿ ರೈಫಲ್ ತಂದು ನನ್ನ ಕೈಗಿಟ್ಟರು. ಅವತ್ತಿನಿಂದ ನಾನು ಅವರ ಶಿಷ್ಯೆ.

ಅವರ ಜೊತೆ ಸದಾ ಎರಡು ಲೀಟರಿನ ಫ್ಲಾಸ್ಕು ಇರುತ್ತಿತ್ತು. ಅದರಲ್ಲಿ ಕುದಿಯುವ ನೀರು. ಗುರಿ ಅಭ್ಯಾಸದ ರೇಂಜಿನ ಕೆಲಸದವರು ಅವರನ್ನು 'ಮಾಮಾ ಮಾಜಿ ಮೋಟೋ' ಎನ್ನುತ್ತಿದ್ದರು, ಅಂದರೆ ಬಿಸಿನೀರಮ್ಮ. ಹಳೇ ಮಿಲಿಟರಿ ಕಾಡತೂಸುಗಳಲ್ಲಿ ಹಲವುಗಳ ತಳದ ಕ್ಯಾಪಿನಲ್ಲಿ ಒಂದು ಬಗೆಯ ರಾಸಾಯನಿಕ ಇರುತ್ತದೆ. ಗುಂಡು ಹಾರಿದ ಮೇಲೆ ಅದು ಉಪ್ಪಾಗಿ ನಳಿಗೆಯೊಳಗೆ ಕೂರುತ್ತದೆ, ಗಾಳಿಯ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಆದ್ದರಿಂದ ಅದೇ ದಿನ ರೈಫಲ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಬೋಲ್ಟು ಬಿಚ್ಚಿ, ಹಿಂದಿನಿಂದ ಆಲಿಕೆ ಇಟ್ಟು ಬಿಸಿನೀರು ಹೊಯ್ಯಬೇಕು. ಬೋಲ್ಟಿನ ಮುಖವನ್ನೂ ತೊಳೆಯಬೇಕು. ಬಟ್ಟೆ ಹಾಯಿಸಿ ಪೂರಾ ಒಣಗಿಸಿದ ಮೇಲಷ್ಟೇ ಎಣ್ಣೆ. "ಉಪ್ಪಿನ ಮೇಲೆ ಎಣ್ಣೆ ಹೊಯ್ಯೋದು ಉಪ್ಪಿನಕಾಯಿಗೆ, ಕೋವಿಗಲ್ಲ" ಎನ್ನುತ್ತಿದ್ದರು.

ಒಂದು ವರ್ಷ ಕ್ಲಬ್ಬಿಗೆ ಹಳೇ ಮಿಲಿಟರಿ ದಾಸ್ತಾನಿನ ಕಾಡತೂಸಿನ ಡಬ್ಬಗಳು ಬಂದವು. ತುಕ್ಕು ಹಿಡಿಸದ ಮಾಲು ಎಂದು ಮಾರಿದವನ ಚೀಟಿ ಹೇಳುತ್ತಿತ್ತು. ಕಾರ್ಯದರ್ಶಿ ಒಂದು ಆಯಸ್ಕಾಂತ ಹಿಡಿದು, ಅಂಟಲಿಲ್ಲ ನೋಡಿ, ಒಳ್ಳೆಯ ಮಾಲು ಎಂದರು. ಆಯಸ್ಕಾಂತ ಉಕ್ಕನ್ನು ಹಿಡಿಯುತ್ತದೆ, ಉಪ್ಪನ್ನು ಹಿಡಿಯುತ್ತದೆಯೇ ಎಂದು ಟೀಚರ್ ಎಲ್ಲರೆದುರೇ ಕೇಳಿದರು. ಹಸಿರು ಕಿಲುಬು ಕಟ್ಟಿದ್ದನ್ನೂ ಕುತ್ತಿಗೆ ಬಿರಿದದ್ದನ್ನೂ ಮೊದಲು ಆರಿಸಿ ಪಕ್ಕಕ್ಕಿಟ್ಟರು. ಉಳಿದವುಗಳಲ್ಲಿ ಒಂದೊಂದು ಡಬ್ಬದಿಂದ ಒಂದೊಂದು ತೆಗೆದು, ಅದಕ್ಕೆಂದೇ ಇದ್ದ ಸಲಕರಣೆಯಿಂದ ಗುಂಡು ಕಿತ್ತು, ಮದ್ದು ಸುರಿದುಬಿಟ್ಟು, ಬರೀ ಕ್ಯಾಪನ್ನು ರೇಂಜಿನಲ್ಲಿ ಉಜ್ಜಿ ಹೊಳೆಸಿದ ಮೊಳೆಗಳ ಮೇಲೆ ಹಾರಿಸಿದರು. ಏನೂ ತಾಗಿಸದ ಮೊಳೆಯೊಂದನ್ನು ಹೋಲಿಕೆಗೆ ಇಟ್ಟರು. ಮಳೆಯ ತಿಂಗಳು, ಮೊಳೆಗಳನ್ನೆಲ್ಲ ಬಚ್ಚಲ ಕಿಟಕಿಯಲ್ಲಿ ಸಾಲಾಗಿ ಇಟ್ಟರು. ಎರಡೇ ದಿನಕ್ಕೆ ಆ ಮೊಳೆಗಳೆಲ್ಲ ಕೆಂಪಗೆ ತುಕ್ಕು ಹಿಡಿದವು, ಹೋಲಿಕೆಯದು ಹೊಳೆಯುತ್ತಲೇ ಇತ್ತು. ಪ್ರತಿ ಡಬ್ಬದ ಮೇಲೂ ಅವರು 'ತುಕ್ಕು ಹಿಡಿಸುತ್ತದೆ, ಬಿಸಿನೀರಿನಲ್ಲಿ ತೊಳೆಯಿರಿ' ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದು ಅಂಟಿಸಿದರು. ಕಾರ್ಯದರ್ಶಿ ಕಿತ್ತರು. ಇವರು ಮತ್ತೆ ಅಂಟಿಸಿದರು.

ಇನ್ನು ನನ್ನ ಘನಕಾರ್ಯ. ಆ ವರ್ಷದ ಆಯುಧಪೂಜೆಯ ದಿನ ಬೆಳಿಗ್ಗೆ ನಾನು ಆ ಡಬ್ಬದ ನಲವತ್ತು ಕಾಡತೂಸು ಹಾರಿಸಿದೆ. ಅಷ್ಟರಲ್ಲಿ ಕ್ಲಬ್ಬಿನ ನಮ್ಮವರೆಲ್ಲ ಅರಿಶಿನ ಕುಂಕುಮ, ಚೆಂಡುಹೂ ಹಿಡಿದು ಬಂದರು. ಅವಸರದಲ್ಲಿ ರೈಫಲ್ಲಿನ ಹೊರಮೈಗೆ ಎಣ್ಣೆ ಸವರಿ, ಮಿರಮಿರ ಹೊಳೆಸಿ, ಎಲ್ಲಕ್ಕಿಂತ ಮುಂದೆ ನಿಲ್ಲಿಸಿದೆ. ಟೀಚರ್ ರೇಂಜಿನ ಆ ತುದಿಯಲ್ಲಿದ್ದರು. ತೊಳೆದಾಯಿತು ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದೆ. ಪೂಜೆ ಮುಗಿದ ಮೇಲೆ ತೊಳೆದರಾಯಿತು ಅಂದುಕೊಂಡಿದ್ದೆ. ಆದರೆ ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವುದುಂಟೇ? ನಮ್ಮಮ್ಮ ಪೂಜೆಗಿಟ್ಟ ಈಳಿಗೆಮಣೆಯನ್ನೂ ಮುಟ್ಟಗೊಡುತ್ತಿರಲಿಲ್ಲ. ಸುಮ್ಮನೆ ಮನೆಗೆ ಬಂದೆ. ಮಾರನೆಯ ದಿನ ಬ್ಯಾಂಕಿನ ಆಡಿಟ್ ಗಂಟುಬಿತ್ತು, ವಾರಪೂರ್ತಿ ಮಳೆ ಹೊಯ್ಯಿತು. ಮುಂದಿನ ಭಾನುವಾರ ಟೀಚರ್ ನಳಿಗೆಗೆ ಟಾರ್ಚ್ ಹಿಡಿದಾಗ ಒಳಗೆಲ್ಲ ಕೆಂಪು ಗುಳಿ. ಹೊರಗೆ ಕುಂಕುಮ ಹಾಗೇ ಇತ್ತು.

ರೈಫಲ್ ಕೆಟ್ಟದ್ದಕ್ಕೆ ಟೀಚರ್ ಅವರೇ ಹೊಣೆ, ಬೀಗದ ಕೈ ಕಿತ್ತುಕೊಳ್ಳಬೇಕು ಎಂದು ಕಾರ್ಯದರ್ಶಿ ಸಭೆ ಕರೆದರು. ನನಗೆ ನನ್ನ ಲೈಸೆನ್ಸಿನ ಚಿಂತೆ, ನವೀಕರಣಕ್ಕೆ ಕ್ಲಬ್ಬಿನ ಪತ್ರ ಬೇಕು. ಸಭೆಯ ಹಿಂದಿನ ದಿನ ಪಂಗಾನಿಗೆ ಓಡಿದೆ. ನನ್ನ ಹೆಸರು ಬರದ ಹಾಗೆ ಏನಾದರೂ ಮಾಡಬಹುದೇ ಎಂದು ಕೇಳಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಟೀಚರ್ ಕಾಫಿ ಕೊಟ್ಟು, ಬೆರಳು ಎತ್ತಿದರು.

"ನಾನಾಗಿ ನಿನ್ನ ಹೆಸರು ಹೇಳೋದಿಲ್ಲ. ಮುಚ್ಚಿಡೋದೂ ಇಲ್ಲ. ರಿಜಿಸ್ಟರಲ್ಲಿ ಸಹಿ ನಿಂದು, ಬಾಯೂ ನಿಂದೇ ಇದೆಯಲ್ಲ."

"ಪೂಜೆಗಿಟ್ಟದ್ದನ್ನ ಹೇಗೆ ಮುಟ್ಟೋದು ಟೀಚರ್?"

"ನಮ್ಮಲ್ಲೂ ಕೋವಿಗೆ ಪೂಜೆ ಉಂಟು. ತೊಳೆದು ಇಡ್ತೇವೆ. ಕೊಳೆ ಇಟ್ಕೊಂಡು ಕೈ ಮುಗಿದ್ರೆ ದೇವರಿಗೆ ಗೊತ್ತಾಗೋದಿಲ್ಲ ಅಂದ್ಕೊಂಡ್ಯಾ?"

ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಸುಳ್ಳು ಸಹಿಯನ್ನೂ ಸೇರಿಸಿ. ನನ್ನನ್ನು ಮೂರು ತಿಂಗಳು ಹೊರಗಿಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾರ್ಯದರ್ಶಿಗೆ ಬೇಕಿದ್ದದ್ದು ಬೇರೆ. ಅರ್ಧ ಡಬ್ಬಗಳನ್ನು ಇನ್ನೊಂದು ಕ್ಲಬ್ಬಿಗೆ ದಾಟಿಸುವ ಮಾತಾಗಿತ್ತು, ಆ ಚೀಟಿಗಳಿದ್ದರೆ ಆ ಕ್ಲಬ್ಬಿನವರು ಒಪ್ಪುತ್ತಿರಲಿಲ್ಲ. ಚೀಟಿ ತೆಗೆಯಿರಿ, ಬೀಗದ ಕೈ ನೀವೇ ಇಟ್ಟುಕೊಳ್ಳಿ ಎಂದು ನಯವಾಗಿ ಹೇಳಿದರು. ಆ ಕೋಣೆ ಬಿಟ್ಟರೆ ಟೀಚರ್ ಅವರಿಗೆ ಈ ಊರಿನಲ್ಲಿ ಬೇರೇನೂ ಇರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ಕಾರ್ಯದರ್ಶಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಟೀಚರ್ ಒಂದು ನಿಮಿಷವೂ ಯೋಚಿಸಲಿಲ್ಲ. ಸೊಂಟದಿಂದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟರು. ಆ ಇನ್ನೊಂದು ಕ್ಲಬ್ಬಿಗೆ ತಾವೇ ಫೋನ್ ಮಾಡಿ ಹೇಳುವುದಾಗಿ ಇಂಗ್ಲಿಷಿನಲ್ಲಿ ತಿಳಿಸಿ, ಫ್ಲಾಸ್ಕು ಎತ್ತಿಕೊಂಡು ಹೊರಟರು. ಫೋನನ್ನೂ ಮಾಡಿದರು. ಮಟಾಟು ವ್ಯಾನುಗಳ ನಿಲ್ದಾಣದವರೆಗೆ ನಾನು ಅಳುತ್ತಾ ಜೊತೆಗೆ ನಡೆದೆ. ಅಳುವುದಕ್ಕೇನಾಯಿತು, ಮೂರು ತಿಂಗಳಾದ ಮೇಲೆ ಬಂದು ಪ್ರಾಕ್ಟೀಸ್ ಮಾಡು ಎಂದು ಗದರಿದರು.

ಎರಡು ವರ್ಷದ ನಂತರ ಎದೆಯ ಕಾಯಿಲೆಯಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ಕೊನೆಯ ವಾರವೂ ಗುಳಿಗೆಯ ಡಬ್ಬಿ ತಿರುಗಿಸಿ, ಅವಧಿ ಮುಗಿದಿಲ್ಲವಷ್ಟೇ ಎಂದು ನರ್ಸನ್ನು ವಿಚಾರಿಸುತ್ತಿದ್ದರು. ಕ್ಲಬ್ಬಿನಿಂದ ಒಂದು ಹೂವಿನ ಹಾರ ಬಂತು. ನನಗೆ ಅದನ್ನು ವಾಪಸ್ ಎಸೆಯಬೇಕೆನ್ನಿಸಿತ್ತು, ಎಸೆಯಲಿಲ್ಲ.

ಆ ವೇಳೆಗೆ ಇನ್ನೂ ಮೂರು ರೈಫಲ್‌ಗಳ ನಳಿಗೆ ತಿಂದುಹೋಗಿತ್ತು. ತಿಂಗಳು ಕಳೆದ ಮೇಲೆ ಕಾರ್ಯದರ್ಶಿ ನನ್ನನ್ನು ಕರೆದು, ಕೋಣೆಯ ಜವಾಬ್ದಾರಿ ನೀವು ವಹಿಸಿಕೊಳ್ಳಬೇಕು, ಟೀಚರ್ ಕೈಯಲ್ಲಿ ಪಳಗಿದವರು ನೀವೊಬ್ಬರೇ ಎಂದರು. ಬೀಗದ ಕೈ ಮುಂದೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಉಳಿದ ಡಬ್ಬಗಳನ್ನು ಮೇಜಿನ ಮೇಲೆ ಜೋಡಿಸಿ, ಒಂದು ಮಾರ್ಕರ್ ಪೆನ್ನು ಅವರ ಕೈಗೆ ಕೊಟ್ಟು, ಟೀಚರ್ ಬರೆದಿದ್ದನ್ನು ಪ್ರತಿ ಡಬ್ಬದ ಮೇಲೂ ನಿಮ್ಮ ಕೈಯಲ್ಲೇ ಬರೆಯಿರಿ, ಆಮೇಲೆ ಬೀಗದ ಕೈ ಎಂದೆ. ಕುರ್ಚಿ ಎಳೆದುಕೊಂಡು ಬರೆಯತೊಡಗಿದರು. ಅಕ್ಷರಗಳು ತೀರಾ ಸಣ್ಣವಾಗಿದ್ದವು. ಅಷ್ಟನ್ನೂ ಅಳಿಸಿ, ಇನ್ನೊಂದು ಸಲ ದೊಡ್ಡದಾಗಿ ಬರೆಸಿದೆ.