ಎಂಟು ತಿಂಗಳ ವೀಕ್ನೆಸ್ಸು

ಭೀಮನಬೀಡಿನಲ್ಲಿ ನನ್ನ ಜೊತೆಯಲ್ಲೇ ಇರುವ ತಂಗಿ, ಚೆಂಡು ಹೂ ಬಿಡಿಸುವ ಕೂಲಿಗೆ ಹೋಗುವುದನ್ನು ನಿಲ್ಲಿಸಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ತಿಂಗಳಿಗೆರಡು ಸಲ ಅವಳನ್ನು ಗುಂಡ್ಲುಪೇಟೆಯ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದವಳು ನಾನು. ಅಲ್ಲಿನ ಡಾಕ್ಟರು ಒಂದು ದಿನವಾದರೂ ತಲೆಯೆತ್ತಿ ಅವಳ ಮುಖ ನೋಡಿದ್ದರೆ ಕೇಳಿ. "ಏನಮ್ಮ?" "ಸುಸ್ತು ಸಾರ್ ಇವಳಿಗೆ, ನಿದ್ದೆ ಇಲ್ಲ," ಅನ್ನುತ್ತಿದ್ದೆ ನಾನು. "ವೀಕ್ನೆಸ್ಸು." ಒಂದು ಗ್ಲೂಕೋಸು, ಒಂದು ಸೂಜಿ, ಹತ್ತು ದಿನಕ್ಕೆ ನಿದ್ದೆ ಮಾತ್ರೆ. ಮುಂದಿನ ಸಲ ಬೇರೆ ಬಣ್ಣದ ಮಾತ್ರೆ. ಹೀಗೆ ಎಂಟು ತಿಂಗಳು! ಬಾಟ್ಲಿ ಏರಿಸದಿದ್ದರೆ ನಮಗೂ ಸಮಾಧಾನ ಇಲ್ಲ ಅನ್ನಿ. ಹಾಕಿ ಸಾರ್ ಎಂದು ಗೋಗರೆದವಳೂ ನಾನೇ.

ಕೊನೆಗೆ ರೇಗಿಹೋಗಿ ಚಾಮರಾಜನಗರದ ಬಸ್ಸು ಹತ್ತಿಸಿದೆ. ಅಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಇದ್ದರು. "ಊಟ ಮಾಡ್ತೀರಾ?" ಎಂದು ತಂಗಿಯನ್ನು ಕೇಳಿದರು.

"ಮಾಡ್ತಾಳೆ ಮೇಡಂ," ಅಂದೆ.

"ಅಳು ಬರುತ್ತಾ?"

"ಅಳೋದೆಲ್ಲ ಇಲ್ಲ ಮೇಡಂ, ಬರೀ ಸುಸ್ತು."

ಆಕೆ ಪೆನ್ನು ಕೆಳಗಿಟ್ಟು, "ನೀವು ಸ್ವಲ್ಪ ಆಚೆ ಕೂತ್ಕೊಳ್ಳಿ," ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕರೆದುಕೊಂಡು ಬಂದವಳು ನಾನು, ಹೊರಗೆ ಕೂರಬೇಕಾದವಳೂ ನಾನೇ!

ಅರ್ಧ ಗಂಟೆ ಕಳೆದು ಒಳಗೆ ಕರೆದರು. ಇದು ಖಿನ್ನತೆ, ಗ್ಲೂಕೋಸಿಗೆ ಹೋಗುವುದಲ್ಲ. ಕೊಟ್ಟ ಮಾತ್ರೆ ಬಿಡದೆ ನುಂಗಬೇಕು, ಗುಣ ಕಾಣಲು ವಾರಗಳೇ ಬೇಕು, ಹುಷಾರಾದೆ ಅಂತ ತಕ್ಷಣ ನಿಲ್ಲಿಸಬಾರದು ಎಂದರು. "ಇದಕ್ಕೊಂದು ಕ್ರಮ ಇದೆ. ಸಾಯೋ ಯೋಚನೆ ಬರುತ್ತಾ ಅಂತ ಕೇಳ್ಲೇಬೇಕು. ಇವ್ರಿಗೆ ಬರ್ತಿದೆ. ಒಬ್ರನ್ನೇ ಬಿಡಬೇಡಿ."

ಅಯ್ಯೋ, ಕ್ರಮ ಇದ್ದರೆ ಅದು ಕೂಲಿಯವರ ತನಕ ಯಾಕೆ ಬರಲಿಲ್ಲ? ಹೆದರಿಕೆಯೆಲ್ಲ ಸಿಟ್ಟಾಗಿ, ವಾಪಸ್ಸು ಬರುವ ಬಸ್ಸಿನಲ್ಲಿ ತಂಗಿಯ ಮೇಲೆಯೇ ತಿರುಗಿತು. "ಎಂಟು ತಿಂಗ್ಳು ಬಾಯಿ ಬುಡ್ನಿಲ್ವಲ್ಲಮ್ಮಿ ನೀನು!"

"ಅಲ್ಲಿ ಕೇಳೋರೇ ಇರ್ನಿಲ್ಲ ಕಣಕ್ಕ. ಯಾರಾದ್ರೂ ಕೇಳುದ್ರೆ ನೀನೇ ಯೋಳ್ಬುಡ್ತಿದ್ದೆ," ಅಂದಳು.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಈ ಸಲ ನನ್ನನ್ನೂ ಒಳಗೇ ಕೂರಿಸಿದರು. ಅದೇ ಪ್ರಶ್ನೆ ಬಂತು, ಊಟ ಮಾಡ್ತೀರಾ ಎಂದು. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು, ತುಟಿ ಕಚ್ಚಿಕೊಂಡೆ.

"ಇಲ್ಲ ಮೇಡಂ," ಅಂದಳು ತಂಗಿ. "ನಮ್ಮಕ್ಕ ಇಕ್ಬುಟ್ಟು ಅತ್ಲಾಗೆ ಓದೇಟ್ಗೆ ನಾಯಿಗೆ ಆಕ್ಬುಡ್ತೀನಿ. ತಟ್ಟೆ ಕಾಲಿ ಇದ್ರೆ ಅವ್ಳ್ಗೆ ಕುಸಿ ಆಯ್ತದೆ."