ಮಲಕವ್ವ ಸೊಟ್ಟಗೆ ಮಾಡಿದ ಫ್ಲೋರಾ

ಪೀಣ್ಯದಲ್ಲಿ ಬೆಳಕು ಹರಿಯುವ ಹೊತ್ತು. ಶೆಡ್ಡಿನ ಶಟರ್ ಅರ್ಧ ಎತ್ತಿ ಒಳಗೆ ನುಸುಳಿದ ಮಲಕವ್ವ, ಹೊಳಪು ಕೊಡುವ ಯಂತ್ರದ ಬಟ್ಟೆಚಕ್ರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಆದರೆ ಸ್ವಿಚ್ ಒತ್ತುವುದಿಲ್ಲ, ಸುತ್ತಿಗೆ ಎತ್ತಿಕೊಳ್ಳುತ್ತಾಳೆ. ಎದುರಿಗೆ ಕನ್ನಡಿಯಂಥ ಹಿತ್ತಾಳೆ ಗುಂಡುಗಳು. ತಾನೇ ಹೊಳೆಸಿದ್ದನ್ನು ತಾನೇ ಕೆಡಿಸಬೇಕು. ಕೈ ಏಳುತ್ತಿಲ್ಲ.

ಬಾದಾಮಿ ಕಡೆಯಿಂದ ಬಂದ ಈಕೆ ಹನ್ನೆರಡು ವರ್ಷದಿಂದ ದಿನಕ್ಕೆ ಮುನ್ನೂರು ನಲ್ಲಿಗಳನ್ನು ಹೊಳೆಸುತ್ತಾಳೆ. ಮೂಗಿನಲ್ಲಿ ಕಪ್ಪು ಧೂಳು. ಬೆರಳ ಗೆರೆಗಳೆಲ್ಲ ಸವೆದಿವೆ. "ಹೆಬ್ಬೆಟ್ಟಿನ ಮಷೀನಿಗೆ ನನ್ನ ಗುರುತ ಸಿಗೂದಿಲ್ರಿ," ಎಂದು ನಗುತ್ತಾಳೆ.

ಈ ವಾರ ಬಂದದ್ದು ಬೇರೆಯೇ ಕೆಲಸ. ಜಾಲಹಳ್ಳಿಯ ಶಾಲೆಯೊಂದಕ್ಕೆ ಆಕಾಶದ ಮಾದರಿ. ಮಂಗಳನಿಗೂ ಗುರುವಿಗೂ ನಡುವೆ ಸೂರ್ಯನನ್ನು ಸುತ್ತುವ ಕಲ್ಲುಗಳ ಪಟ್ಟಿಯಿದೆಯಲ್ಲ, ಅದರ ಒಳಮಗ್ಗುಲಿನ ಫ್ಲೋರಾ ಎಂಬ ಕ್ಷುದ್ರಗ್ರಹ, ಜೊತೆಗೆ ಅದರ ಬಳಗ. ಅಚ್ಚಿನಿಂದ ಅವು ಉಬ್ಬುತಗ್ಗಾಗಿ ಬಂದಾಗ ಎರಕ ಕೆಟ್ಟಿದೆ ಎಂದುಕೊಂಡಳು ಮಲಕವ್ವ. ಉಬ್ಬನ್ನೆಲ್ಲ ಉಜ್ಜಿ, ಗುಂಡಗೆ, ನುಣ್ಣಗೆ ಮಾಡಿಟ್ಟಳು.

ನಿನ್ನೆ ಸಂಜೆ ನೋಡಲು ಬಂದ ಶಾಲೆಯ ಶ್ಯಾಮಲಾ ಮೇಡಂ ತಲೆ ಹಿಡಿದು ಕೂತರು. ಆ ಉಬ್ಬುತಗ್ಗೇ ಅವುಗಳ ರೂಪ!

"ಏನಕ್ಕಾ, ಆಲೂಗಡ್ಡೆ ಕೊಟ್ರೆ ಲಾಡು ಮಾಡಿಟ್ಟಿದ್ದೀಯಲ್ಲ!" ಶೆಡ್ಡಿನ ಮಾಲೀಕ ದೇವರಾಜ್ ಸಿಡುಕಿದ. "ಬಿಡು, ಬೇರೆಯವ್ರ ಕೈಲಿ ಮಾಡಿಸ್ತೀನಿ."

"ಕೆಡಿಸಿದಾಕಿ ನಾ, ಸರಿ ಮಾಡಾಕೀನೂ ನಾನ. ನಾಳೆ ಮುಂಜಾನಿ ಮಟ ಬಿಡ್ರಿ," ಎಂದವಳು ಮೇಡಂ ಕಡೆ ತಿರುಗಿದಳು. "ಇವು ಹಿಂಗ್ಯಾಕ ಸೊಟ್ಟ ಆದ್ವು?"

ಮೇಡಂ ವಿವರಿಸಿದರು: ಬಹಳ ಹಿಂದೆ ದೊಡ್ಡದೊಂದು ಕಲ್ಲು ಡಿಕ್ಕಿಯಾಗಿ ಒಡೆಯಿತಂತೆ. ಚೂರುಗಳು ಚದುರಿದರೂ ಹತ್ತಿರ ಹತ್ತಿರದ ದಾರಿಗಳಲ್ಲೇ ಇಂದಿಗೂ ಸೂರ್ಯನನ್ನು ಸುತ್ತುತ್ತಿವೆ. ತಿಳಿದವರ ಅಂದಾಜು ಹಾಗಿದೆ.

"ಒಂದ ತಾಯಿ ಮಕ್ಕಳು ಅನ್ರಿ. ಒಡದ್ರೂ ಪ್ರದಕ್ಷಿಣಿ ಬಿಟ್ಟಿಲ್ಲ."

ಈಗ ಡಿಕ್ಕಿಯ ಆ ಮಾತೇ ದಾರಿ ತೋರುತ್ತದೆ. ಚಿಕ್ಕ ಗುಂಡೊಂದನ್ನು ಇಕ್ಕಳದಲ್ಲಿ ಹಿಡಿದು ಫ್ಲೋರಾ ಮೇಲಿಡುತ್ತಾಳೆ. "ಬಡದಽ ಆದದ್ದು, ಬಡದಽ ಆಗಲಿ." ಸುತ್ತಿಗೆ ಇಳಿಯುತ್ತದೆ. ಎರಡಕ್ಕೂ ಗಾಯ. ಮೊದಲ ಪೆಟ್ಟಿಗೆ ಮುಖ ತಿರುಗಿಸಿದವಳು ಆಮೇಲಾಮೇಲೆ ಬಾಗಿ ಬಾಗಿ ನೋಡುತ್ತಾಳೆ: ಒಂದು ತಗ್ಗು ಇನ್ನೊಂದರಂತಿಲ್ಲ.

ಬಿಸಿಲೇರಿದ ಮೇಲೆ ಮೇಡಂ ಬರುತ್ತಾರೆ. ಫ್ಲೋರಾವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ, ಮುಖ ಅರಳುತ್ತದೆ. ದೇವರಾಜ್ ಉಸಿರು ಬಿಡುತ್ತಾನೆ. "ಕೆಡಿಸೋದ್ರಲ್ಲೂ ಫಿನಿಶಿಂಗ್ ಸಕ್ಕತ್ ಕಣಕ್ಕಾ!"

ಮಲಕವ್ವನದು ಒಂದೇ ಕೋರಿಕೆ. "ಗಾಜಿನ ಪೆಟ್ಟಿಗ್ಯಾಗ ಇಡಬ್ಯಾಡ್ರಿ ಮೇಡಂ. ಹುಡುಗರು ಮುಟ್ಟಲಿ. ಮುಟ್ಟಿ ಮುಟ್ಟಿ ಹೊಳಪು ತಾನ ಬರತೈತಿ."