ಎಡಮೂಲೆಯ ಚೌಕ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹಿಲ್ಡಾ ಸುಪೊ ಕೊಲ್ಪಾಪಾಂಪಾ ಎಂಬ ಊರಿನ ಶಾಲೆಯ ಹೊರಗೋಡೆಗೆ ನಕ್ಷೆ ಅಂಟಿಸುತ್ತಿದ್ದಳು. ಮೂರು ಮೂಲೆಗಳು ಕೂತಿದ್ದವು. ಕೆಳಗಿನ ಎಡಮೂಲೆಯನ್ನು ಮಾತ್ರ ಗಾಳಿ ಮತ್ತೆ ಮತ್ತೆ ಎಬ್ಬಿಸುತ್ತಿತ್ತು. ಟೇಪು ಹಿಡಿಯುವವರೆಗೆ ಅವಳು ಆ ಮೂಲೆಯನ್ನು ಅಂಗೈಯಿಂದ ಒತ್ತಿಕೊಂಡು ನಿಂತಳು.

ಅರೆಕಿಪಾ ನಗರದ ನಮ್ಮ ಕಚೇರಿಯಲ್ಲಿ ಖನಿಜ ಪರಿಶೋಧನೆಯ ಸ್ಥಳನಕ್ಷೆಗಳನ್ನೆಲ್ಲ ತಯಾರಿಸುತ್ತಿದ್ದವಳು ಅವಳೇ. ಎಲ್ಲಿ ಕೊರೆಯುತ್ತೇವೆ, ಅಲ್ಲಿಗೆ ದಾರಿ ಯಾವುದು, ಸುತ್ತ ಏನಿದೆ ಎಂದು ಹೇಳದ ಹಾಳೆ ಬರೀ ಚಿತ್ರ, ನಕ್ಷೆಯಲ್ಲ ಎನ್ನುತ್ತಿದ್ದಳು. ಲಾಂಪಾ ಪೇಟೆಯಲ್ಲಿ ಚೀಸ್ ಮಾರುವವಳ ಮಗಳು. ತೊರೆಯ ನೀಲಿ ಗೆರೆ ರಸ್ತೆಯ ಕೆಂಪು ಗೆರೆಗೆ ತಾಗಿದ್ದರೆ ಅದನ್ನು ಬಿಡಿಸುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಖಾಲಿ ಹಾಳೆಗೆ ಅಂಚು, ಉತ್ತರ ದಿಕ್ಕಿನ ಬಾಣ, ಅಳತೆಪಟ್ಟಿ, ಕೆಳಗಿನ ಎಡಮೂಲೆಯಲ್ಲಿ ಗುರುತುಗಳ ಅರ್ಥ ತಿಳಿಸುವ ಬಿಳಿ ಚೌಕ. ಗುಡ್ಡ, ಹೊಳೆ, ಊರುಗಳು ಬರುತ್ತಿದ್ದುದು ಆಮೇಲೆ. ಹೀಗಾಗಿ ಅವಳ ನಕ್ಷೆಗಳು ಒಂದೇ ಮನೆಯ ಮಕ್ಕಳಂತೆ ಕಾಣುತ್ತಿದ್ದವು. ಆ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ಕೊರೆಯುವ ಯಂತ್ರಕ್ಕೆ ನೀರು ಬೇಕಿತ್ತು. ಶಾಲೆಯ ಪಕ್ಕದ ತೊರೆಯಿಂದ ಅದನ್ನು ಎತ್ತಲು ಊರಿನವರು ಸಭೆ ಸೇರಿ ಸಹಿ ಹಾಕಬೇಕಿತ್ತು. ಅದಕ್ಕೇ ಆ ದಿನ ಜನ ಶಾಲೆಯ ಅಂಗಳದಲ್ಲಿ ಸೇರಿದ್ದರು. ನೀರೆತ್ತುವ ಜಾಗದ ಕೆಳಗೆ ಯಾರಾದರೂ ವಾಸವಾಗಿದ್ದರೆ ಅವರನ್ನೂ ಕರೆಯುವುದು ನಿಯಮ. ಯಾರೂ ಇಲ್ಲವೆಂದು ನಮ್ಮ ಕಂಪನಿ ಯಾರನ್ನೂ ಕರೆದಿರಲಿಲ್ಲ. ಕೆಳಗಿನವರ ಜೊತೆ ಕಂಪನಿ ಬೇರೆ ಸಭೆ ಮಾಡಿರಬೇಕು ಎಂದು ಕೊಲ್ಪಾಪಾಂಪಾದವರು ತಿಳಿದಿದ್ದರು. ಹೀಗೆ ಎರಡೂ ಕಡೆ ಯಾರೂ ಕೇಳಲಿಲ್ಲ.

ಕೇಳಿದ್ದು ಎಪಿಫಾನಿಯಾ ಅಜ್ಜಿ. ಅಲ್ಪಾಕಾಗಳ ಉಣ್ಣೆ ಕತ್ತರಿಸಲು ಈ ಊರಿನಲ್ಲಿದ್ದ ತಂಗಿಗೆ ನೆರವಾಗೋಣವೆಂದು ಬಂದಿದ್ದವಳು, ನೂಲುವ ಕದಿರನ್ನು ಹಿಡಿದುಕೊಂಡೇ ನಕ್ಷೆಯ ಮುಂದೆ ಬಂದು ನಿಂತಳು.

"ಮಗಳೇ, ಇದರಲ್ಲಿ ನಮ್ಮನೆ ತೋರ್ಸು."

ಯಾವ ಊರೆಂದು ಹಿಲ್ಡಾ ಕೇಳಿದಳು.

"ಆಂಕೊಕಾಲಾ. ತೊರೆ ಹಿಡ್ಕೊಂಡು ಕೆಳಗೆ ಹೋದ್ರೆ ಸಿಗತ್ತೆ."

ಹಿಲ್ಡಾ ನಗುತ್ತ ಶಾಲೆಯ ಮೇಲೆ ಬೆರಳಿಟ್ಟು ನೀಲಿ ಗೆರೆಯನ್ನು ಹಿಡಿದು ಕೆಳಗಿಳಿದಳು. ಗೆರೆ ಎಡಕ್ಕೆ ತಿರುಗಿ ಬಿಳಿ ಚೌಕದ ಅಂಚಿಗೆ ಬಂದು ಕೊನೆಗೊಂಡಿತು. ಬೆರಳೂ ಅಲ್ಲೇ ನಿಂತಿತು.

"ಯಾಕೆ ನಿಂತೆ? ಇನ್ನೂ ಹೋಗು." ಅಜ್ಜಿ ಅವಳ ಬೆರಳನ್ನೇ ಹಿಡಿದು ಚೌಕದೊಳಗೆ ಎಳೆದು, ಮನೆಯ ಗುರುತಾಗಿ ಹಾಕಿದ್ದ ಕರಿ ಚುಕ್ಕಿಯ ಮೇಲೆ ಇಟ್ಟಳು. "ಇಲ್ಲೇ ಎಲ್ಲೋ ಬರತ್ತೆ."

ಕೋಕಾ ಎಲೆ ಜಗಿಯುತ್ತ ಕುಳಿತಿದ್ದ ಒಬ್ಬ, "ಪರ್ವಾಗಿಲ್ವೇ ಅಜ್ಜಿ, ನಿಮ್ಮೂರಿಗೆಲ್ಲ ಸೇರಿ ಒಂದು ಮನೆ ಕೊಟ್ಟಿದಾರೆ" ಎಂದ. ಅಂಗಳವೆಲ್ಲ ನಕ್ಕಿತು.

ಹಿಲ್ಡಾ ಬೆರಳನ್ನು ಹಿಂದೆಗೆದಳು. ತುಸು ಹೊತ್ತಿನ ಹಿಂದೆ ಗಾಳಿಗೆ ಹಾರದಂತೆ ಅಂಗೈಯಿಂದ ಒತ್ತಿ ಹಿಡಿದಿದ್ದುದು ಇದೇ ಜಾಗವನ್ನು. ಆ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಸಭೆ ನಡೆಸಲು ಬಂದಿದ್ದ ಇಂಜಿನಿಯರ್ ರಿವೆರೋಸ್ ಹತ್ತಿರ ಬಂದು, ಮೊದಲು ಸಹಿಗಳಾಗಲಿ, ನಕ್ಷೆಯನ್ನು ಅರೆಕಿಪಾಕ್ಕೆ ಹೋಗಿ ಸರಿಮಾಡಿದರಾಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಬೆರಳಚ್ಚಿನ ಶಾಯಿಡಬ್ಬಿ ಆಗಲೇ ಮೇಜಿನ ಮೇಲೆ ತೆರೆದಿತ್ತು.

ಹಿಲ್ಡಾ ಜನರ ಕಡೆ ತಿರುಗಿದಳು.

"ಈ ಚೌಕದ ಕೆಳಗೆ ಒಂದೂರಿದೆ. ಮುಚ್ಚಿದ್ದು ನಾನು. ಇವತ್ತು ಸಹಿ ಹಾಕ್ಬೇಡಿ."

ಹೆಂಗಸರ ಕೈಯಲ್ಲಿ ತಿರುಗುತ್ತಿದ್ದ ಕದಿರುಗಳು ನಿಂತವು. ಊರಿನ ಅಧ್ಯಕ್ಷ ಎದ್ದು ಬಂದು ಶಾಯಿಡಬ್ಬಿಯ ಮುಚ್ಚಳ ಹಾಕಿದ.

ವಾಪಸು ಬರುವಾಗ ನಾವು ಕಚೇರಿಯವರು ಅಜ್ಜಿಯನ್ನು ಗಾಡಿಯಲ್ಲಿ ಊರಿಗೆ ಬಿಟ್ಟೆವು. ಆಂಕೊಕಾಲಾ ನಿಜವಾಗಿಯೂ ಅಲ್ಲಿತ್ತು: ಹುಲ್ಲಿನ ಸೂರುಗಳು, ಒಲೆಹೊಗೆ, ಬಿಸಿಲಿಗೆ ಹರವಿದ ಉಣ್ಣೆ. ತೊರೆ ಅಲ್ಲಿ ಹತ್ತಾರು ಕವಲಾಗಿ ಹರಡಿ ಜೌಗು ಹುಲ್ಲುಗಾವಲಾಗಿತ್ತು. ಅಲ್ಪಾಕಾಗಳು ಮೊಣಕಾಲುದ್ದ ನೀರಲ್ಲಿ ನಿಂತು ಮೇಯುತ್ತಿದ್ದವು. ಮೇಲೆ ನೀರೆತ್ತಿದ್ದರೆ ಒಂದೇ ಬೇಸಿಗೆಗೆ ಆ ಹಸಿರೆಲ್ಲ ಒಣಗಿ ಹೋಗುತ್ತಿತ್ತು. ಅಜ್ಜಿ ಹಿಲ್ಡಾಳ ಮಡಿಲಿಗೆ ಬಿಸಿ ಆಲೂಗೆಡ್ಡೆ ಸುರಿದು, "ತಿನ್ನು, ಬಿಳಿಚ್ಕೊಂಡಿದೀಯ" ಎಂದಳು. ಹಿಲ್ಡಾ ಒಂದನ್ನು ಸುಲಿದು ಕೈಯಲ್ಲೇ ಇಟ್ಟುಕೊಂಡು ಕುಳಿತಳು.

ಮುಂದೆ ನೀರೆತ್ತುವ ಜಾಗ ಬೇರೆ ಕಣಿವೆಗೆ ಹೋಯಿತು. ಅವಳ ಎಲ್ಲ ನಕ್ಷೆಗಳಲ್ಲಿ ಬಿಳಿ ಚೌಕ ಅಂಚಿನ ಹೊರಗೆ ಹೋಯಿತು. ಆದರೆ ಆ ದಿನ ಗಾಡಿಯಲ್ಲಿ ಅವಳು ಒಂದೇ ಒಂದು ಸಲ ಬಾಯಿ ತೆರೆದಳು, ಅದೂ ಕಚೇರಿಯ ಮಾತು ನನಗೆ ನೆನಪಿದೆಯೇ ಎಂದು ಕೇಳಲು. ನೆನಪಿತ್ತು. ಹಿಂದಿನ ವಾರ ರಿವೆರೋಸ್ ಅರ್ಜಿ ತುಂಬುತ್ತ, ನೀರೆತ್ತುವ ಜಾಗದ ಕೆಳಗೆ ಎಷ್ಟು ಮನೆಗಳಿವೆ ಎಂದು ಅವಳನ್ನು ಕೇಳಿದ್ದರು. ಅವಳು ಆಗಷ್ಟೇ ಮುಗಿಸಿದ ನಕ್ಷೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೋಣೆಗೆಲ್ಲ ಕೇಳುವಂತೆ ಹೇಳಿದ್ದಳು: "ಸೊನ್ನೆ."